ಸರ್ವರ್ ಸಪ್ಲೈಗೆ ಪಾಟ್ ಹಾಕಬಹುದಾ?

ಪ್ರಶ್ನೆ: ಸರ್, ಎಸ್‌ಪಿ ರೋಡಲ್ಲಿ ಹಳೇ ಸರ್ವರ್‌ದು ಒಂದು ಪವರ್ ಸಪ್ಲೈ ಸಿಕ್ತು, 12 ವೋಲ್ಟ್ 75 ಆಂಪ್ ಅಂತ ಲೇಬಲ್ ಇದೆ. ಪಾಟ್ (ತಿರುಗಿಸಿ ಬೆಲೆ ಬದಲಾಯಿಸೋ ರೆಸಿಸ್ಟರ್) ಹಾಕಿ 3ರಿಂದ 30 ವೋಲ್ಟ್‌ವರೆಗೂ ತಿರುಗಿಸೋ ಹಾಗೆ ಮಾಡ್ಕೊಂಡ್ರೆ ಮೋಟರ್ ಟೆಸ್ಟಿಗೂ ಯುಪಿಎಸ್ ಬ್ಯಾಟರಿ ಚಾರ್ಜಿಗೂ ಆಗುತ್ತೆ ಅನ್ಕೊಂಡಿದೀನಿ. ಫ್ರೆಂಡ್ ಒಬ್ರು ಎರಡು ಸಪ್ಲೈ ಸೀರೀಸಲ್ಲಿ ಹಾಕು, ಅರ್ತ್ ಪಿನ್ ಕಿತ್ತಾಕು, 24 ಬರುತ್ತೆ ಅಂತಾರೆ. ಮಾಡ್ಲಾ?
– ಓದುಗರು, ಪೀಣ್ಯ

ಉತ್ತರ: ಮೊದಲು ಆ ಅರ್ತ್ ವಿಷ್ಯ. ದಯವಿಟ್ಟು ಕೀಳ್ಬೇಡಿ. ಇಂಥ ಸಪ್ಲೈಗಳಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಮೈನಸ್ಸು ತಗಡಿನ ಬಾಡಿಗೆ ಸೇರಿರುತ್ತೆ, ಬಾಡಿ ಅರ್ತ್‌ಗೆ, ಅದಕ್ಕೇ ಎರಡನ್ನ ಸೀರೀಸ್ ಮಾಡಿದ್ರೆ ಒಂದು ಶಾರ್ಟ್ ಆಗುತ್ತೆ, ಶಾರ್ಟ್ ತಪ್ಪಿಸೋಕೆ ಜನ ಅರ್ತ್ ಕೀಳ್ತಾರೆ, ಆಮೇಲೆ ಫಿಲ್ಟರ್ ಕೆಪಾಸಿಟರ್ ಮೂಲಕ ಬಾಡಿ ಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ಕೂತಿರುತ್ತೆ. ಒಳಗೆ ಏನಾದ್ರೂ ಲೀಕ್ ಆದ್ರೆ ಪೂರ್ತಿ 230 ಕೈಗೇ ಬರುತ್ತೆ.

ಇನ್ನು 3ರಿಂದ 30, ಅದು ಆಗಲ್ಲ. ಕೆಳಗೆ ಇಳಿಸಿದ್ರೆ ಅಂಡರ್‌ವೋಲ್ಟೇಜ್ ಪ್ರೊಟೆಕ್ಷನ್ ಆಫ್ ಮಾಡಿಬಿಡುತ್ತೆ, ಮೇಲೆ ಹೋದ್ರೆ ಔಟ್‌ಪುಟ್ ಕೆಪಾಸಿಟರ್‌ಗಳು ಬಹುತೇಕ 16 ವೋಲ್ಟ್‌ನವು, ಟ್ರಾನ್ಸ್‌ಫಾರ್ಮರ್ ಸುತ್ತಿರೋದೇ 12ಕ್ಕೆ, ಅದಕ್ಕೂ ಮುಂಚೆನೇ ಓವರ್‌ವೋಲ್ಟೇಜ್ ಟ್ರಿಪ್ ಆಗುತ್ತೆ.

ಸ್ವಲ್ಪ ಏರಿಸೋದು, ಅಂದ್ರೆ 13.4ರ ತನಕ, ಟಿಎಲ್431 (ವೋಲ್ಟೇಜ್ ಹಿಡಿದಿಡೋ ಪುಟ್ಟ ಐಸಿ) ಇರೋ ಹಳೇ ಬೋರ್ಡಲ್ಲಿ ಸಾಧ್ಯ. ಅದರ ರೆಫರೆನ್ಸ್ ಪಿನ್ನಲ್ಲಿ ಯಾವಾಗ್ಲೂ 2.5 ವೋಲ್ಟ್ ಇರ್ಬೇಕು, ಔಟ್‌ಪುಟ್‌ನ ಎರಡು ರೆಸಿಸ್ಟರ್ ಹಂಚಿ ಅಲ್ಲಿಗೆ ಕಳಿಸುತ್ತೆ. ಕೆಳಗಿನದು 10ಕೆ (ಕಿಲೋಓಮ್), ಮೇಲಿನದು 38ಕೆ ಅಂತ ಇಟ್ಕೊಳ್ಳಿ, ಆಗ 12 ಬರುತ್ತೆ. ಕೆಳಗಿನದಕ್ಕೆ ಪ್ಯಾರಲಲ್ ಆಗಿ 68ಕೆ ಮತ್ತೆ ಅದರ ಸೀರೀಸಲ್ಲಿ 100ಕೆ ಪ್ರಿಸೆಟ್ (ಬೋರ್ಡ್ ಮೇಲೆ ಕೂರೋ ಪುಟ್ಟ ಪಾಟ್) ಹಾಕಿ, 12.6ರಿಂದ 13.4 ತಿರುಗುತ್ತೆ. ಪಾಟನ್ನ ಮೇಲಿನ ರೆಸಿಸ್ಟರ್ ಜಾಗಕ್ಕೆ ಹಾಕ್ಬಾರ್ದು, ಯಾಕಂದ್ರೆ ತಿರುಗೋ ತುದಿ ಒಂದಿನ ಕಾಂಟ್ಯಾಕ್ಟ್ ಬಿಡುತ್ತೆ, ಆಗ ವೋಲ್ಟೇಜ್ ಮೇಲಕ್ಕೆ ಹಾರುತ್ತೆ, ಕೆಳಗಿದ್ರೆ 12ಕ್ಕೆ ಇಳಿಯುತ್ತೆ ಅಷ್ಟೇ. ಹೊಸ ಮಾಡೆಲ್‌ಗಳಲ್ಲಿ ಮೈಕ್ರೋಕಂಟ್ರೋಲರ್ ಇರುತ್ತೆ, ಅಲ್ಲಿ ಈ ಲೆಕ್ಕ ನಡೆಯಲ್ಲ. ಮುಚ್ಚಳ ತೆಗೆಯೋ ಮುಂಚೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು, ದೊಡ್ಡ ಕೆಪಾಸಿಟರ್‌ನ ಮೀಟರಲ್ಲಿ ನೋಡಿ. ಓಡುವಾಗ ಅದರಲ್ಲಿ ಸುಮಾರು 390 ವೋಲ್ಟ್ ಡಿಸಿ ಇರುತ್ತೆ, 10ರ ಕೆಳಗೆ ಬಂದಿಲ್ಲ ಅಂದ್ರೆ ಕೈ ಇಡ್ಬೇಡಿ.

ಆದ್ರೆ ನಿಮಗೆ ಬೇಕಾಗಿರೋದಕ್ಕೆ ನಾನು ಹೇಳೋದು ಬೇರೆ. ಸಪ್ಲೈ ಹಾಗೇ ಇರ್ಲಿ, ಮುಂದೆ ಒಂದು ಸಿಸಿ-ಸಿವಿ ಬಕ್-ಬೂಸ್ಟ್ ಮಾಡ್ಯೂಲ್ (ವೋಲ್ಟೇಜ್ ಏರಿಸೋದು, ಇಳಿಸೋದು ಎರಡೂ ಮಾಡಿ, ಕರೆಂಟನ್ನೂ ನಾವಿಟ್ಟ ಮಿತಿಯಲ್ಲೇ ಇಡೋ ಬೋರ್ಡ್) ಹಾಕಿ. 30 ವೋಲ್ಟ್ 5 ಆಂಪ್ ತೆಗೆದ್ರೂ 150 ವ್ಯಾಟ್, ನಷ್ಟ ಸೇರಿಸಿದ್ರೆ 12ರ ಕಡೆ 14 ಆಂಪ್ ಆಗಬಹುದು, ನಿಮ್ಮ ಸಪ್ಲೈಗೆ ಅದು ಏನೂ ಅಲ್ಲ. ಬ್ಯಾಟರಿಗಂತೂ ಇದೇ ಬೇಕು, ಖಾಲಿ ಬ್ಯಾಟರಿಗೆ ಸಪ್ಲೈ ನೇರ ಕೊಟ್ರೆ ಕರೆಂಟ್‌ಗೆ ಹಿಡಿತನೇ ಇರಲ್ಲ, 150 ಎಎಚ್ ಬ್ಯಾಟರಿಗೆ 15 ಆಂಪ್ ಸಾಕು, ಅಷ್ಟು ಕರೆಂಟ್ ತಡೆಯೋ ಮಾಡ್ಯೂಲೇ ತಗೊಳ್ಳಿ.

ಸಪ್ಲೈಗೂ ಮಾಡ್ಯೂಲಿಗೂ ಮಧ್ಯೆ ಮಾಡ್ಯೂಲಿಗೆ ತಕ್ಕ ಫ್ಯೂಸ್ ಇರ್ಲಿ, ಕೆಲಸ ಮಾಡುವಾಗ ಉಂಗುರ, ಕಡಗ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯಲ್ಲ, ನಿಜ, ಆದ್ರೆ 75 ಆಂಪ್ ಉಂಗುರದಲ್ಲಿ ಹರಿದ್ರೆ ಬೆರಳು ಸುಟ್ಟುಹೋಗುತ್ತೆ.