ತೋಟದ ಲೆಕ್ಕದ ಡೇಟಾಬೇಸ್‌ಗೆ ವಿಂಡೋಸ್‌ನಿಂದ ಕೀ ಮೂಲಕ ಸುರಕ್ಷಿತವಾಗಿ ಸಂಪರ್ಕಿಸುವುದು ಹೇಗೆ?

ಸಿದ್ದಾಪುರದ ತೋಟದ ಕಚೇರಿಯಿಂದ ಬೆಂಗಳೂರಿನ ಲಿನಕ್ಸ್ ಸರ್ವರ್‌ನಲ್ಲಿರುವ ಮೈಎಸ್‌ಕ್ಯುಎಲ್ ಡೇಟಾಬೇಸ್ ತೆರೆಯಬೇಕು, ಅದರ 3306 ಪೋರ್ಟನ್ನು (ಸಂಪರ್ಕದ ಬಾಗಿಲು) ನಮ್ಮ ಐಪಿ ವಿಳಾಸಕ್ಕೆ ಮಾತ್ರ ಬಿಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಗೋಣಿಕೊಪ್ಪದಲ್ಲಿ ಇದೇ ಕೆಲಸ ಮಾಡುವವನಾಗಿ ಹೇಳುತ್ತೇನೆ: ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ನೀವು ಮೊಬೈಲ್ ಹಾಟ್‌ಸ್ಪಾಟ್ ಹಿಡಿಯುತ್ತೀರಿ, ಐಪಿ ಬದಲಾಗುತ್ತದೆ. ಎರಡು ಸಲ ಹೀಗಾದರೆ ಬೇಸತ್ತು ಯಾರೋ ಪೋರ್ಟನ್ನು ಜಗತ್ತಿಗೇ ತೆರೆದಿಡುತ್ತಾರೆ. 3306 ಹೊರಗಿನವರಿಗೆ ಮುಚ್ಚಿಯೇ ಇರಲಿ. ಎಸ್‌ಎಸ್‌ಎಚ್ ಸುರಂಗದೊಳಗಿಂದ, ಅಂದರೆ ಸರ್ವರ್‌ವರೆಗಿನ ಗೂಢಲಿಪೀಕರಿಸಿದ ಸಂಪರ್ಕದ ಮೂಲಕ ಹೋಗಿ. ಅಲ್ಲಿ ನಿಮ್ಮ ಗುರುತು ಹೇಳುವ ಕೀ ಎಂಬ ಕಡತ ಇರುವುದು ಲ್ಯಾಪ್‌ಟಾಪಿನಲ್ಲಿ. ನೀವು ಯಾವ ನೆಟ್‌ವರ್ಕ್‌ನಲ್ಲಿದ್ದೀರಿ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ.

ವಿಂಡೋಸ್‌ನಲ್ಲಿ ಎಸ್‌ಎಸ್‌ಎಚ್‌ಗೆ ಬಳಸುವ ಪುಟ್ಟಿ ತಂತ್ರಾಂಶ ಹಾಕಿಕೊಂಡರೆ ಜೊತೆಗೆ ಕೀ ತಯಾರಿಸುವ ಪುಟ್ಟಿಜೆನ್ ಬರುತ್ತದೆ. ಅದರಲ್ಲಿ ಇಡಿ25519 ಎಂಬ ಬಗೆ ಆರಿಸಿ ಕೀ ಜೋಡಿ (ನಿಮ್ಮಲ್ಲೇ ಉಳಿಯುವ ಖಾಸಗಿ ಕೀ, ಸರ್ವರ್‌ಗೆ ಕೊಡುವ ಸಾರ್ವಜನಿಕ ಕೀ) ತಯಾರಿಸಿ, ಪಾಸ್‌ಫ್ರೇಸ್ (ಕೀ ಕಡತಕ್ಕೆ ಹಾಕುವ ಗುಪ್ತಪದ) ಕೊಟ್ಟು ಖಾಸಗಿ ಕೀಯನ್ನು ಪುಟ್ಟಿಯ ಸ್ವಂತ ನಮೂನೆಯಾದ ಪಿಪಿಕೆ ಕಡತವಾಗಿ ಉಳಿಸಿ. ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಾರ್ವಜನಿಕ ಕೀ ಉಳಿಸುವ ಬಟನ್ ಒತ್ತಿದರೆ ಸಿಗುವುದು ಹಲವು ಸಾಲುಗಳ ಬೇರೆ ನಮೂನೆ. ಯಾವ ಕೀಗಳಿಗೆ ಪ್ರವೇಶ ಎಂಬ ಪಟ್ಟಿಯಿರುವ, ಸರ್ವರ್‌ನ ಆಥರೈಸ್ಡ್ ಕೀಸ್ ಕಡತಕ್ಕೆ ಅದು ಒಗ್ಗುವುದಿಲ್ಲ. ಕಿಟಕಿಯ ಮೇಲ್ಭಾಗದ ಪೆಟ್ಟಿಗೆಯಲ್ಲಿ ಕಾಣುವ ಉದ್ದನೆಯ ಪಠ್ಯವನ್ನು ಪೂರ್ತಿ ಆಯ್ದು ನಕಲಿಸಿ, ಸರ್ವರ್‌ನ ಆ ಕಡತದಲ್ಲಿ ಒಂದೇ ಸಾಲಾಗಿ ಅಂಟಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಕಾದರೆ ಕಳುಹಿಸಬಹುದಾದದ್ದು ಈ ಸಾಲು ಮಾತ್ರ. ಪಿಪಿಕೆ ಕಡತ ಯಾರ ಕೈಗೂ ಹೋಗಕೂಡದು, ಸರ್ವರ್ ನೋಡಿಕೊಳ್ಳುವವರು ಕೇಳಿದರೂ.

ಈಗ ಪುಟ್ಟಿಯಲ್ಲೇ ಒಮ್ಮೆ ಸರ್ವರ್‌ಗೆ ಲಾಗಿನ್ ಆಗಿ. ಮೊದಲ ಸಲ ಕಾಣುವ ಫಿಂಗರ್‌ಪ್ರಿಂಟನ್ನು (ಸರ್ವರ್‌ನ ಗುರುತಿನ ಅಕ್ಷರಮಾಲೆ) ಸರ್ವರ್‌ನವರು ಕೊಟ್ಟದ್ದರೊಂದಿಗೆ ತಾಳೆ ನೋಡಿ ಒಪ್ಪಿಕೊಳ್ಳಿ. ಕಣ್ಣು ಮುಚ್ಚಿ ಒಪ್ಪುವವರೇ ಹೆಚ್ಚು. ಹಾಗೆ ಮಾಡಬೇಡಿ, ನಡುವೆ ಯಾರಾದರೂ ಕುಳಿತಿದ್ದರೆ ತಿಳಿಯುವುದು ಇಲ್ಲೇ.

ಆಮೇಲೆ ಡೇಟಾಬೇಸ್ ತೆರೆದು ನೋಡುವ ತಂತ್ರಾಂಶ, ಹೈಡಿಎಸ್‌ಕ್ಯುಎಲ್. ಸಂಪರ್ಕದ ಬಗೆಯಾಗಿ ಎಸ್‌ಎಸ್‌ಎಚ್ ಸುರಂಗ ಆರಿಸಿ. ಹೋಸ್ಟ್ ಜಾಗದಲ್ಲಿ ಬೆಂಗಳೂರಿನ ವಿಳಾಸವಲ್ಲ, 127.0.0.1 ಬರೆಯಿರಿ, ಪೋರ್ಟ್ 3306. ಸುರಂಗದ ಆ ಕೊನೆಯಲ್ಲಿ ನಿಂತು ನೋಡಿದರೆ ಡೇಟಾಬೇಸ್ ಇರುವುದು ಅದೇ ಯಂತ್ರದಲ್ಲಿ. ನಿಜವಾದ ವಿಳಾಸ, ಎಸ್‌ಎಸ್‌ಎಚ್‌ನ ಪೋರ್ಟ್ 22, ಪಿಪಿಕೆ ಕಡತ ಮತ್ತು ಪುಟ್ಟಿಯ ಜೊತೆಗೇ ಬರುವ, ಸುರಂಗ ತೆರೆಯುವ ಪ್ಲಿಂಕ್ ಇರುವ ಜಾಗ ಇವೆಲ್ಲ ಸುರಂಗದ ಟ್ಯಾಬ್‌ಗೆ. ಸ್ಥಳೀಯ ಪೋರ್ಟ್ 3307 ಇರಲಿ, ನಿಮ್ಮ ಲ್ಯಾಪ್‌ಟಾಪಿನಲ್ಲೂ ಮೈಎಸ್‌ಕ್ಯುಎಲ್ ಇದ್ದರೆ ಜಗಳವಿಲ್ಲ. ಡೇಟಾಬೇಸ್‌ನ ಪಾಸ್‌ವರ್ಡ್ ಎಂದಿನಂತೆ ಬೇಕೇ ಬೇಕು.

ಕೀ ಕೆಲಸ ಮಾಡಿದ್ದು ಖಚಿತವಾದ ಮೇಲೆ ಸರ್ವರ್‌ನಲ್ಲಿ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಲು ಹೇಳಿ. ತೋಟದ ಲೆಕ್ಕ ಬರೆಯುವ ರೈಟರಿಗೂ ಮಾಲೀಕರಿಗೂ ಬೇರೆ ಬೇರೆ ಕೀ ಮಾಡಿಕೊಡಿ. ಯಾರದಾದರೂ ಲ್ಯಾಪ್‌ಟಾಪ್ ಕಳೆದರೆ ಆಥರೈಸ್ಡ್ ಕೀಸ್ ಕಡತದಲ್ಲಿ ಅವರ ಕೀಯ ಆ ಒಂದು ಸಾಲನ್ನು ಅಳಿಸಿದರಾಯಿತು, ಉಳಿದವರ ವಾರದ ಬಟವಾಡೆ ನಿಲ್ಲುವುದಿಲ್ಲ. ಹೈಡಿಎಸ್‌ಕ್ಯುಎಲ್ ಬದಲು ಮೈಎಸ್‌ಕ್ಯುಎಲ್ ವರ್ಕ್‌ಬೆಂಚ್ ಬಳಸುವುದಾದರೆ ಅದಕ್ಕೆ ಪಿಪಿಕೆ ಹಿಡಿಸುವುದಿಲ್ಲ. ಪುಟ್ಟಿಜೆನ್‌ನ ಪರಿವರ್ತನೆ ಮೆನುವಿನಿಂದ ಅದೇ ಕೀಯನ್ನು ಓಪನ್‌ಎಸ್‌ಎಸ್‌ಎಚ್ ನಮೂನೆಗೆ ಬದಲಿಸಿಕೊಳ್ಳಿ.