ಟ್ರಾಮ್ ಹಳಿ, ರೈಲ್ವೆ ಗೇಟ್ ಮತ್ತು ಸೈಕಲ್ ಚಕ್ರ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಗ ಎಡಿನ್‌ಬರೋದಲ್ಲಿ ಓದುತ್ತಿದ್ದಾನೆ, ಸೈಕಲ್ ಮೇಲೆ ಓಡಾಡುತ್ತಾನೆ. ಮೊನ್ನೆ ಮಳೆಯಲ್ಲಿ ಮುಂದಿನ ಚಕ್ರ ಟ್ರಾಮ್ ಹಳಿಗೆ ಸಿಕ್ಕಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಊರಲ್ಲಿ ಚಿಕ್ಕಂದಿನಿಂದ ಸೈಕಲ್ ಹೊಡೆದವನು ಅಲ್ಲಿ ಹೇಗೆ ಬಿದ್ದ? ಸೈಕಲ್ ಬಿಡಿಸಬೇಕೇ?
– ಒಬ್ಬ ತಾಯಿ, ಕುಮಟಾ

ಉತ್ತರ: ಬಿಡಿಸುವುದು ಬೇಡ ಅಮ್ಮಾ, ಹಳಿ ದಾಟುವ ಕ್ರಮ ಕಲಿತರೆ ಸಾಕು. ರಸ್ತೆಯ ಮಟ್ಟಕ್ಕೇ ಹೂತಿರುವ ಟ್ರಾಮ್ ಹಳಿಯಲ್ಲಿ, ಟ್ರಾಮ್ ಚಕ್ರದ ಅಂಚು ಕೂರಲೆಂದು ಉದ್ದಕ್ಕೂ ಒಂದು ಸಂದು ಬಿಟ್ಟಿರುತ್ತಾರೆ. ಅದರ ಅಗಲ ಸಾಮಾನ್ಯವಾಗಿ 36ರಿಂದ 42 ಮಿ.ಮೀ. ನಗರದಲ್ಲಿ ಓಡಿಸುವ ಹಗುರ ಸೈಕಲ್ಲುಗಳ ಟಯರ್ 28ರಿಂದ 35 ಮಿ.ಮೀ. ಇರುತ್ತದೆ, ಸಂದಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ಸೈಕಲ್ ಬೀಳದೆ ನಿಲ್ಲುವುದು ಸವಾರ ತನಗೇ ತಿಳಿಯದಂತೆ ಹ್ಯಾಂಡಲನ್ನು ಸಣ್ಣಗೆ ಆಚೀಚೆ ಆಡಿಸುತ್ತಿರುವುದರಿಂದ. ಚಕ್ರ ಸಂದಿಗೆ ಇಳಿದರೆ ಆ ಆಟವೇ ನಿಂತುಹೋಗುತ್ತದೆ. ಆಮೇಲೆ ಎಷ್ಟು ವರ್ಷದ ಅಭ್ಯಾಸವಿದ್ದರೂ ಪ್ರಯೋಜನವಿಲ್ಲ.

ಉಪಾಯ ಕೋನದಲ್ಲಿದೆ. ಹಳಿಗೆ ನೇರ ಅಡ್ಡಲಾಗಿ, ಅಂದರೆ 90 ಡಿಗ್ರಿಯಲ್ಲಿ ದಾಟಿದರೆ ಚಕ್ರ ಸಂದಿನ ಮೇಲೆ ಹಾದುಹೋಗುತ್ತದೆ. 60 ಡಿಗ್ರಿಗಿಂತ ಓರೆಯಾದರೆ ಅಪಾಯ ಬೇಗ ಏರುತ್ತದೆ. ಆದ್ದರಿಂದ ಹಳಿ ಬರುವ ಮುಂಚೆಯೇ ಹಿಂದೆ ನೋಡಿ, ಕೈ ತೋರಿಸಿ, ಜಾಗ ಮಾಡಿಕೊಂಡು ಸೈಕಲ್ಲನ್ನು ಹಳಿಗೆ ಅಡ್ಡ ತರಬೇಕು. ದಾಟುವಾಗ ಮೈ ವಾಲಿಸಬಾರದು; ಹಳಿಯ ಮೇಲೆ ಬ್ರೇಕ್ ಹಿಡಿಯುವುದಾಗಲಿ ಪೆಡಲ್ ಜೋರಾಗಿ ತುಳಿಯುವುದಾಗಲಿ ಕೂಡದು. ಹಲವರು ತಪ್ಪುವುದು ಒಂದು ಕಡೆ: ಮುಂದಿನ ಚಕ್ರ ದಾಟಿತೆಂದು ಹ್ಯಾಂಡಲ್ ತಿರುಗಿಸಿಬಿಡುತ್ತಾರೆ, ಅಷ್ಟರಲ್ಲಿ ಹಿಂದಿನ ಚಕ್ರ ಓರೆಯಾಗಿ ಹಳಿಗೆ ಬಂದು ಜಾರುತ್ತದೆ. ಎರಡೂ ಚಕ್ರ ಎರಡೂ ಹಳಿ ದಾಟಿದ ಮೇಲೆಯೇ ತಿರುಗಬೇಕು. ಒದ್ದೆ ಕಬ್ಬಿಣ ಸಂದಿಗಿಂತ ಕಡಿಮೆ ಅಪಾಯದ್ದಲ್ಲ, ಅದರಲ್ಲೂ ತುಂತುರು ಮಳೆಯಲ್ಲಿ.

ಅಲ್ಲೂ ನಮ್ಮಂತೆ ಎಡಬದಿಯ ಸಂಚಾರ. ಬಲಕ್ಕೆ ತಿರುಗುವಾಗ ಹಳಿಯನ್ನು ಓರೆಯಾಗಿ ಕತ್ತರಿಸುವ ಬದಲು ನೇರ ಹೋಗಿ, ಆಚೆ ಎಡಬದಿಗೆ ನಿಂತು, ಸೈಕಲ್ ತಿರುಗಿಸಿಕೊಂಡು ಎರಡನೇ ಸಿಗ್ನಲ್‌ನಲ್ಲಿ ದಾಟಲಿ. ವಾಹನ ತುಂಬಿದ ಕಡೆ ಇಳಿದು ನೂಕಿಕೊಂಡು ಹೋದರೆ ಯಾವ ಅವಮಾನವೂ ಇಲ್ಲ. ಕೆನಡಾದ ಟೊರಾಂಟೊದಲ್ಲಿ ಗಾಯಗೊಂಡ 276 ಸವಾರರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 87 ಮಂದಿ ಬಿದ್ದದ್ದು ಹಳಿಯಿಂದ. ಅವರಲ್ಲಿ ಬಹಳ ಮಂದಿ ಇನ್ನೊಂದು ವಾಹನ ತಪ್ಪಿಸಲು ಥಟ್ಟನೆ ತಿರುಗಿಸಿದವರು. ಅದಕ್ಕೇ ಹಳಿ ಹತ್ತಿರ ಬಂದಾಗ ವೇಗ ಮೊದಲೇ ಇಳಿದಿರಬೇಕು. 47–50 ಮಿ.ಮೀ. ಟಯರ್ ಹಾಕಿಸಿ, ಗಾಳಿ ಸರಿಯಾಗಿ ತುಂಬಿಸಿದರೆ ಚಕ್ರ ಸಂದಿಗೆ ಪೂರ್ತಿ ಇಳಿಯುವುದಿಲ್ಲ. ಟಯರ್ ಕೊಳ್ಳುವ ಮೊದಲು ಮುಂದಿನ ಚಕ್ರ ಹಿಡಿಯುವ ಕವಲಿನಲ್ಲಿ (ಫೋರ್ಕ್) ಅಷ್ಟು ಜಾಗವಿದೆಯೇ ಎಂದು ಅಳೆಯಲಿ.

ಬಿದ್ದ ಸೈಕಲ್ಲನ್ನೂ ನೋಡಬೇಕು: ಚಕ್ರ ಎತ್ತಿ ತಿರುಗಿಸಿದಾಗ ರಿಮ್ಮು ಬ್ರೇಕಿನ ರಬ್ಬರಿಗೆ ತಾಗುತ್ತದೆಯೇ, ಹ್ಯಾಂಡಲ್ ಮತ್ತು ಮುಂದಿನ ಚಕ್ರ ಒಂದೇ ನೇರಕ್ಕಿವೆಯೇ? ಹೆಲ್ಮೆಟ್‌ಗೆ ಪೆಟ್ಟು ಬಿದ್ದಿದ್ದರೆ, ಬಿರುಕು ಕಾಣದಿದ್ದರೂ ಬದಲಿಸಲಿ. ಮಣಿಕಟ್ಟಿನ ನೋವು ಇನ್ನೂ ಇದ್ದರೆ ಉಳುಕೆಂದು ಬಿಡದೆ ಎಕ್ಸ್‌ರೇ ತೆಗೆಸಲು ಹೇಳಿ.

ಪ್ರಶ್ನೆ: ಹೊಸ ಟ್ರಾಮ್ ಮಾರ್ಗದ ನಗರದಲ್ಲಿ ಸೈಕಲ್ ವ್ಯವಸ್ಥೆ ಎಂಬುದು ನನ್ನ ಸೆಮಿನಾರ್ ವಿಷಯ. ಹಳಿ ಮತ್ತು ಫುಟ್‌ಪಾತ್ ಕಟ್ಟೆಯ ನಡುವೆ 1 ಮೀಟರ್ ಬಿಟ್ಟರೆ ಸೈಕಲ್ಲಿಗೆ ಸಾಲದೇ?
– ಸಿವಿಲ್ ವಿದ್ಯಾರ್ಥಿ, ಕಾರವಾರ

ಉತ್ತರ: ಸಾಲದು, ಲೆಕ್ಕ ಹಾಕಿ ನೋಡಿ. ಎಡಿನ್‌ಬರೋ ಟ್ರಾಮ್‌ನ ಅಗಲ 2.65 ಮೀಟರ್, ಹಳಿಗಳ ನಡುವಿನ ಅಂತರ 1.435 ಮೀಟರ್. ಅಂದರೆ ಬೋಗಿ ಪ್ರತಿ ಬದಿಗೆ ಸುಮಾರು 60 ಸೆಂ.ಮೀ. ಹೊರಚಾಚುತ್ತದೆ. ನಿಮ್ಮ 1 ಮೀಟರ್‌ನಲ್ಲಿ ಉಳಿದದ್ದು 40 ಸೆಂ.ಮೀ.; ಹ್ಯಾಂಡಲ್ ಒಂದೇ ಸುಮಾರು 60 ಸೆಂ.ಮೀ. ಟ್ರಾಮ್ ಇಲ್ಲದಾಗಲೂ ಅದು ಬೋನೇ: ಚರಂಡಿಯ ಜಾಲರಿಯೋ ನಿಲ್ಲಿಸಿದ ವ್ಯಾನೋ ಎದುರಾದರೆ ಸವಾರನಿಗೆ ಉಳಿಯುವ ದಾರಿ ಹಳಿಯ ಕಡೆಗೆ, ಅದೂ ತೀರಾ ಓರೆಯಾಗಿ. ಸ್ಟಾಪ್ ಬಂದಲ್ಲಿ ಪ್ಲಾಟ್‌ಫಾರ್ಮ್ ಹಳಿಯ ಪಕ್ಕಕ್ಕೇ ಬರುವುದರಿಂದ ಆ 1 ಮೀಟರೂ ಮಾಯ.

ಆದ್ದರಿಂದ ನಕ್ಷೆಯಲ್ಲಿ ಸೈಕಲ್ ದಾರಿಯನ್ನು ನಡುವೆ ಕಟ್ಟೆ ಕಟ್ಟಿ ಹಳಿಯಿಂದ ಬೇರ್ಪಡಿಸಿ ತೋರಿಸಿ. ಬ್ರಿಟನ್ನಿನ 2020ರ ಮಾರ್ಗಸೂಚಿ ಏಕಮುಖಕ್ಕೆ 2 ಮೀಟರ್, ದ್ವಿಮುಖಕ್ಕೆ 3 ಮೀಟರ್ ಅಪೇಕ್ಷಿಸುತ್ತದೆ. ಸ್ಟಾಪ್‌ಗಳಲ್ಲಿ ದಾರಿ ಪ್ಲಾಟ್‌ಫಾರ್ಮಿನ ಹಿಂಬದಿಯಿಂದ ಹಾಯಲಿ, ಇಳಿದವರು ಅದನ್ನು ದಾಟಲು ಜೀಬ್ರಾ ಪಟ್ಟೆ ಇರಲಿ. ಹಳಿ ದಾಟುವ ಜಾಗಗಳನ್ನು ನೀವೇ ಆರಿಸಿ, ಅಲ್ಲಿ ದಾರಿಯನ್ನು ಮೆಲ್ಲಗೆ ಹೊರಕ್ಕೆ ಬಾಗಿಸಿ 90 ಡಿಗ್ರಿಗೆ ತನ್ನಿ. ಹಳಿ ಕವಲೊಡೆಯುವಲ್ಲಿ ಮಾತ್ರ ದಾಟುದಾರಿ ಇಡಲೇಬೇಡಿ; ಅಲ್ಲಿ ಸಂದುಗಳು ಹೆಚ್ಚು, ಕೋನಗಳೂ ಹಲವು.

ಸಂದಿಗೆ ರಬ್ಬರ್ ತುಂಬಿದರಾಯಿತಲ್ಲ ಎಂದು ಸೆಮಿನಾರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸೈಕಲ್ ಭಾರಕ್ಕೆ ಬಗ್ಗದೆ ಟ್ರಾಮ್ ಚಕ್ರಕ್ಕೆ ಅಮುಕುವ ರಬ್ಬರ್ ಪಟ್ಟಿಗಳಿವೆ. ಆದರೆ ಕೆಲವೇ ನಿಮಿಷಕ್ಕೊಂದು ಟ್ರಾಮ್ ಓಡುವ ಹಳಿಯಲ್ಲಿ ಅವು ಬೇಗ ಸವೆದು ಹರಿಯುತ್ತವೆ. ಅಪರೂಪಕ್ಕೆ ಗಾಡಿ ಓಡುವ ಕವಲು ಹಳಿಗೆ ಅವು ಸರಿ.

ಎಡಿನ್‌ಬರೋದಲ್ಲಿ ಮೊದಲ ಮಾರ್ಗ ತೆರೆದದ್ದು 2014ರ ಮೇನಲ್ಲಿ. ಪ್ರಿನ್ಸಸ್ ಸ್ಟ್ರೀಟ್ ಬಳಿ 2017ರಲ್ಲಿ ಒಬ್ಬ ಸೈಕಲ್ ಸವಾರ ವಿದ್ಯಾರ್ಥಿನಿ ಹಳಿಯ ಮೇಲೆ ಬಿದ್ದು, ಹಿಂದೆ ಬರುತ್ತಿದ್ದ ವಾಹನಕ್ಕೆ ಸಿಕ್ಕಿ ತೀರಿಕೊಂಡಳು. ಆಮೇಲೆ ದಾಟುದಾರಿಗಳನ್ನು ಸರಿಪಡಿಸುವ ಕೆಲಸ ನಡೆಯಿತು. 2023ರ ಜೂನ್‌ನಲ್ಲಿ ನ್ಯೂಹೇವನ್‌ವರೆಗೆ ವಿಸ್ತರಿಸಿದ ಮಾರ್ಗದಲ್ಲಿ ಪ್ರತ್ಯೇಕ ಸೈಕಲ್ ದಾರಿ ಸೇರಿತು, ಆದರೆ ಲೀತ್ ವಾಕ್ ಎಂಬ ರಸ್ತೆಯಲ್ಲಿ ಅದನ್ನು ಥಟ್ಟನೆ ಅಂಕುಡೊಂಕು ಮಾಡಿದ್ದು ಟೀಕೆಗೆ ಗುರಿಯಾಯಿತು. ಹಳಿಗೆ ಕಾಂಕ್ರೀಟ್ ಬಿದ್ದ ಮೇಲೆ ಉಳಿಯುವುದು ತೇಪೆ ಹಚ್ಚುವ ಕೆಲಸವೇ. ನಿಮ್ಮ ವರದಿಯಲ್ಲಿ ಸೈಕಲ್ ದಾರಿಯ ಅಧ್ಯಾಯ ಹಳಿಯ ಅಧ್ಯಾಯಕ್ಕಿಂತ ಮುಂಚೆ ಬರಲಿ.

ಪ್ರಶ್ನೆ: ನಮ್ಮೂರ ಮಕ್ಕಳು ಕೊಂಕಣ ರೈಲ್ವೆ ಗೇಟ್ ದಾಟಿ ಸೈಕಲ್ ಮೇಲೆ ಶಾಲೆಗೆ ಹೋಗುತ್ತಾರೆ. ಏನು ಹೇಳಿಕೊಡಬೇಕು?
– ಓದುಗರು, ಅಂಕೋಲಾ ತಾಲೂಕು

ಉತ್ತರ: ಗೇಟಿನಲ್ಲಿ ಹಳಿಯ ಒಳಮಗ್ಗುಲಿಗೆ ಬಿಟ್ಟಿರುವ ಸಂದು ಸುಮಾರು 5 ಸೆಂ.ಮೀ., ಟ್ರಾಮ್ ಹಳಿಯದ್ದಕ್ಕಿಂತ ಅಗಲ. ಗೇರ್ ಸೈಕಲ್ಲಿನ ದಪ್ಪ ಟಯರೂ ಅದಕ್ಕೆ ಇಳಿಯಬಲ್ಲದು. ರಸ್ತೆ ಹಳಿಗೆ ಓರೆಯಾಗಿರುವ ಗೇಟಾದರೆ ಮಕ್ಕಳು ಇಳಿದು, ನೂಕಿಕೊಂಡೇ ದಾಟಲಿ. ಮಳೆಗಾಲದಲ್ಲಿ ಕೆಂಪು ಮಣ್ಣಿನ ರಾಡಿ ಹಳಿಯ ಮೇಲೆ ಕೂತು ಜಾರುತ್ತದೆ, ರಾಡಿ ತುಂಬಿದ ಸಂದು ಕಣ್ಣಿಗೂ ಬೀಳುವುದಿಲ್ಲ. ಗೇಟ್ ತೆರೆದ ಕೂಡಲೇ ಬೈಕುಗಳು ನುಗ್ಗುತ್ತವೆ. ಅವು ಹೋಗಲಿ, ಮಕ್ಕಳು ಆಮೇಲೆ ಒಬ್ಬರ ಹಿಂದೊಬ್ಬರು ಹೊರಡಲಿ. ಒಂದು ರೈಲು ಹೋದರೂ ಇನ್ನೊಂದು ಬರುವುದಿರಬಹುದು, ಆದ್ದರಿಂದ ಮುಚ್ಚಿದ ಗೇಟಿನ ಕೆಳಗೆ ನುಸುಳುವುದು ಯಾವತ್ತೂ ಬೇಡ.

ದೊಡ್ಡವರಿಗೂ ಒಂದು ಮಾತು. 2022ರಿಂದ ಈ ಮಾರ್ಗವಿಡೀ ವಿದ್ಯುತ್ ಮಾರ್ಗ, ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, 2 ಮೀಟರ್ ಒಳಗೆ ಬಂದರೂ ಅಪಾಯ. ಅಡಿಕೆ ಕೊಯ್ಯುವ ದೋಟಿ, ಅಲ್ಯುಮಿನಿಯಂ ಏಣಿ, ಪೈಪುಗಳನ್ನು ಸೈಕಲ್ ಮೇಲೆ ನೆಟ್ಟಗೆ ಹಿಡಿದು ಗೇಟ್ ದಾಟಬೇಡಿ. ಅಡ್ಡ ಮಲಗಿಸಿ ಕಟ್ಟಿ, ಇಳಿದು ನೂಕಿಕೊಂಡು ಹೋಗಿ.