ಟೈಟರ್ 4 ಬಂದಿದೆ, ಮಗುವಾಗಿದ್ದಾಗ ಹಾಕಿಸಿದ ಹೆಪಟೈಟಿಸ್ ಬಿ ಲಸಿಕೆ ವೇಸ್ಟ್ ಆಯ್ತಾ?

ನಿಮಗೆ 19 ವರ್ಷ, ನರ್ಸಿಂಗ್ ಸೇರಿದ್ದೀರಿ. ಮಗುವಾಗಿದ್ದಾಗ ಮೂರು ಡೋಸ್ ಆಗಿದೆ, ಕಾರ್ಡಿನಲ್ಲಿ ತಾರೀಖೂ ಇದೆ. ಈಗ ಪೋಸ್ಟಿಂಗ್‌ಗೆ ಮುಂಚೆ ಟೈಟರ್ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ 10 ಇರಬೇಕಾದಲ್ಲಿ 4 ಬಂದಿದೆ. ಲಸಿಕೆ ವೇಸ್ಟ್ ಆಯ್ತಾ ಅಂತ ಕೇಳಿದ್ದೀರಿ. ಆಗಿಲ್ಲ. ಓದುವಾಗ ನನ್ನದೂ 6 ಬಂದಿತ್ತು, ಆ ರಾತ್ರಿ ನಿದ್ದೆ ಮಾಡಿರಲಿಲ್ಲ.

ಟೈಟರ್ ಅಂದರೆ ಇವತ್ತು ರಕ್ತದಲ್ಲಿ ಎಷ್ಟು ಆ್ಯಂಟಿಬಾಡಿ ಓಡಾಡುತ್ತಿದೆ ಅನ್ನುವ ಲೆಕ್ಕ, ಅಷ್ಟೇ. ಅದು ವರ್ಷ ಕಳೆದ ಹಾಗೆ ಇಳಿಯುತ್ತದೆ. ಎಳೆಮಗುವಿಗೆ ಹಾಕಿಸಿದ್ದರೆ ಹದಿಹರೆಯದ ಹೊತ್ತಿಗೆ 10ಕ್ಕಿಂತ ಕೆಳಗೆ ಬರುವುದು ತೀರಾ ಮಾಮೂಲಿ. ಆದರೆ ಡಬ್ಬಿಯಲ್ಲಿ ಸಾರಿನ ಪುಡಿ ಖಾಲಿಯಾದರೆ ಅಮ್ಮ ಪುಡಿ ಮಾಡೋದನ್ನೇ ಮರೆತಳು ಅಂತ ಅರ್ಥ ಅಲ್ಲ, ಅಲ್ವಾ? ಲಿವರ್‌ಗೆ ತೊಂದರೆ ಕೊಡುವ ಈ ಹೆಪಟೈಟಿಸ್ ಬಿ ವೈರಸ್ಸನ್ನು ಗುರುತು ಹಿಡಿಯುವ ನೆನಪಿನ ಕಣಗಳು ಮೈಯಲ್ಲಿ ಉಳಿದಿರುತ್ತವೆ. ಹೆಪಟೈಟಿಸ್ ಬಿ ನಿಧಾನದ ನೆಂಟ ಬೇರೆ. ಒಳಗೆ ಬಂದ ಮೇಲೆ ಕಾಯಿಲೆ ಕಾಣಿಸಿಕೊಳ್ಳೋಕೆ ಒಂದೂವರೆ ತಿಂಗಳಿಂದ ಆರು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಹೊಸದಾಗಿ ಪುಡಿ ಕುಟ್ಟಿಕೊಳ್ಳಲು ಮೈಗೆ ಬೇಕಾದಷ್ಟು ಟೈಮ್ ಸಿಗುತ್ತದೆ.

ಇದು ಸುಮ್ನೆ ಸಮಾಧಾನದ ಮಾತಲ್ಲ. ಅಲಾಸ್ಕಾದಲ್ಲಿ ಮೂಲನಿವಾಸಿ ಜನರಿಗೆ 1981ರಲ್ಲಿ ಈ ಲಸಿಕೆ ಹಾಕಿ, 30 ವರ್ಷ ಆದ ಮೇಲೆ ಮತ್ತೆ ರಕ್ತ ನೋಡಿದರು. ಸುಮಾರು ಅರ್ಧದಷ್ಟು ಜನರಲ್ಲಿ ಟೈಟರ್ ಇನ್ನೂ 10ರ ಮೇಲಿತ್ತು. ಇಳಿದವರಿಗೆ ಒಂದೇ ಒಂದು ಬೂಸ್ಟರ್ ಕೊಟ್ಟಾಗ 100ಕ್ಕೆ 88 ಜನರಲ್ಲಿ ಒಂದೇ ತಿಂಗಳಲ್ಲಿ ಮೇಲೇರಿತು. ಅವರಿಗೆ ಲಸಿಕೆ ಹಾಕಿದಾಗ ಆರು ತಿಂಗಳಾದರೂ ತುಂಬಿತ್ತು, ಹುಟ್ಟಿದ ದಿನವೇ ಹಾಕಿಸಿಕೊಂಡವರಲ್ಲ. ಅದನ್ನೂ ಹೇಳಿಬಿಡಬೇಕು. ಹಾಗಿದ್ದರೂ ಆರೋಗ್ಯವಾಗಿರುವ ಜನಕ್ಕೆ ಬೂಸ್ಟರ್ ಬೇಕಿಲ್ಲ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ನಿಮ್ಮ ತಮ್ಮ ಬಿಕಾಂ ಓದುತ್ತಿದ್ದರೆ ಅವನಿಗೆ ಟೈಟರ್ ಮಾಡಿಸುವುದೇ ದಂಡ.

ನಿಮ್ಮ ಕಥೆ ಬೇರೆ, ನೀವು ದಿನಾ ಸೂಜಿ ಹಿಡಿಯುವವರು. ಈಗ ಒಂದು ಡೋಸ್ ಹಾಕಿಸಿಕೊಳ್ಳಿ. ಒಂದರಿಂದ ಎರಡು ತಿಂಗಳ ಒಳಗೆ ಮತ್ತೆ ಟೈಟರ್ ಮಾಡಿಸಿ. 10 ದಾಟಿದರೆ ಮುಗಿಯಿತು, ಆಮೇಲೆ ವರ್ಷ ವರ್ಷ ಮಾಡಿಸಬೇಕಾಗಿಲ್ಲ. ದಾಟದಿದ್ದರೆ ಇನ್ನೆರಡು ಡೋಸ್, ಮತ್ತೆ ಟೈಟರ್. ಆಗಲೂ ಏರದಿದ್ದರೆ ವೈರಸ್ಸೇ ಮೈಯಲ್ಲಿ ಇದೆಯಾ ಅಂತ ನೋಡಲು ಡಾಕ್ಟರು ಎಚ್‌ಬಿಎಸ್‌ಎಜಿ ಟೆಸ್ಟ್ ಮಾಡಿಸುತ್ತಾರೆ. ಅಲ್ಲಿಯವರೆಗೆ ಹೋಗುವವರು ಕಡಿಮೆ. ಡಯಾಲಿಸಿಸ್‌ನಲ್ಲಿರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ನಿಮ್ಮ ಹತ್ತಿರ ಕಾರ್ಡ್ ಇರುವುದೇ ದೊಡ್ಡ ವಿಷಯ. ಕರ್ನಾಟಕದಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಇದು ವ್ಯಾಪಕವಾಗಿ ಬಂದಿದ್ದು 2007-08ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಎಷ್ಟೋ ಜನ 'ಅಮ್ಮ ಹಾಕಿಸಿದ್ದೀನಿ ಅಂತಾರೆ' ಅನ್ನುತ್ತಾರೆ, ಅಮ್ಮ ಹೇಳುತ್ತಿರುವುದು ಪೋಲಿಯೊ ಬಗ್ಗೆ ಇರುತ್ತದೆ. ದಾಖಲೆ ಇಲ್ಲದವರು ಹಾಕಿಸಿಯೇ ಇಲ್ಲ ಅಂದುಕೊಂಡು ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಅಂತ ಮೂರೂ ಡೋಸ್ ತೆಗೆದುಕೊಳ್ಳುವುದು ಒಳ್ಳೆಯದು.

ನಾನು ಆ ಒಂದು ಡೋಸ್ ಹಾಕಿಸಿಕೊಂಡೆ. ಆರು ವಾರಕ್ಕೆ ರಿಪೋರ್ಟಿನಲ್ಲಿ '1000ಕ್ಕಿಂತ ಜಾಸ್ತಿ' ಅಂತ ಬಂತು. ಮುಂದಿನ ವರ್ಷ ನೈಟ್ ಡ್ಯೂಟಿಯಲ್ಲಿ, ಬೆಳಗಿನ ಜಾವ ಮೂರು ಗಂಟೆ, ಮಾಡಬಾರದ ಕೆಲಸ ಮಾಡಿದೆ. ಬಳಸಿದ ಸೂಜಿಗೆ ಕ್ಯಾಪ್ ಹಾಕಲು ಹೋಗಿ ಎಡಗೈ ತೋರುಬೆರಳಿಗೆ ಚುಚ್ಚಿಕೊಂಡೆ. ಗ್ಲೌಸ್ ಒಳಗೆ ಸಾಸಿವೆಯಷ್ಟು ರಕ್ತ. ಸೋಪು ಹಚ್ಚಿ ನಲ್ಲಿ ನೀರಲ್ಲಿ ತೊಳೆಯುತ್ತಾ ಸಿಸ್ಟರ್‌ನ ಕರೆದೆ. ಅವರು ಬೈಯಲಿಲ್ಲ, 'ಟೈಟರ್ ಎಷ್ಟು?' ಅಂತಷ್ಟೇ ಕೇಳಿದರು. ಫೋನಿನಲ್ಲಿ ಆ ರಿಪೋರ್ಟಿನ ಫೋಟೋ ಇತ್ತು. ರೋಗಿ ಹೆಪಟೈಟಿಸ್ ಬಿ ಪಾಸಿಟಿವ್. ಲಸಿಕೆಯೇ ಇಲ್ಲದವರಿಗೆ ಅಂಥ ಸೂಜಿಯಿಂದ 100ರಲ್ಲಿ 30 ಜನರವರೆಗೂ ತಗಲಬಹುದು, ಇಮ್ಯುನೊಗ್ಲಾಬ್ಯುಲಿನ್ (ರೆಡಿಮೇಡ್ ಆ್ಯಂಟಿಬಾಡಿ) ಇಂಜೆಕ್ಷನ್ನನ್ನು ಆದಷ್ಟೂ 24 ಗಂಟೆಯೊಳಗೆ ಕೊಡಬೇಕು. ಸಿಸ್ಟರ್ ಫೋಟೋ ನೋಡಿ, 'ಬಿ ಬಗ್ಗೆ ತಲೆ ಕೆಡಿಸ್ಕೋಬೇಡ' ಅಂದು, ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಟೆಸ್ಟಿಗೆ ಮಾತ್ರ ಚೀಟಿ ಬರೆಸಿಕೊಂಡು ಬಂದರು.